ಕಷಾಯದ ಮೊದಲ ಗುಟುಕು

ನಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದದ್ದು ನನ್ನ ಅತ್ತೆ ಒಬ್ಬರಿಗೇ. ಅದರ ಕಷಾಯ ಕುಡಿಯುತ್ತಿದ್ದವರು ಮಾತ್ರ ಇಬ್ಬರು. ಇಷ್ಟನ್ನು ಹೀಗೆ ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಹೇಳಬೇಕಾದ ದಿನ, ಹೇಳಬೇಕಾದವರ ಮುಂದೆ ಅದು ನನ್ನ ಬಾಯಿಂದ ಬರಲಿಲ್ಲ. ಬೇಡದ್ದೆಲ್ಲ ಬಂತು. ನನ್ನ ಬಾಯಿಯೇ ಹಾಗೆ, ಚಿಕ್ಕಂದಿನಿಂದ ಬೈಸಿಕೊಂಡು ಬಂದದ್ದು.

ಆ ಕಷಾಯದ ಬೇರು ಕೊಡುತ್ತಿದ್ದವರು ಯಲ್ಲಾಪುರದಾಚೆ ಮಾಗೋಡಿನ ಕಡೆಯ ಒಬ್ಬ ನಾಟಿ ವೈದ್ಯರು. ಅತ್ತೆ ಸರ್ಕಾರಿ ಆಸ್ಪತ್ರೆಯ ಮಾತ್ರೆಯನ್ನೂ ನುಂಗುತ್ತಿದ್ದರು, ಆದರೆ ನಂಬಿದ್ದು ಈ ಬೇರನ್ನು. ತಿಂಗಳಿಗೊಮ್ಮೆ ಹೋಗಿ ಬೇರಿನ ಕಟ್ಟು ತರುವ ಕೆಲಸ ನನ್ನ ಗಂಡನದು. ವೈದ್ಯರದ್ದೊಂದು ಕಟ್ಟಳೆ ಇತ್ತು. ಬೇರು ತಂದವರು ಮೊದಲು ಒಂದು ಗುಟುಕು ಕುಡಿದು ತೋರಿಸಬೇಕು, ಆಮೇಲೆ ರೋಗಿ ಕುಡಿಯಬೇಕು. ತಂದ ದಿನ ಒಂದು ಸಲ ಕುಡಿದರೆ ಸಾಕಿತ್ತೋ ಏನೋ. ನನ್ನ ಅತ್ತೆ ಅದನ್ನು ದಿನದಿನದ ಕಾನೂನು ಮಾಡಿಕೊಂಡರು. ಮಗ ಕುಡಿಯದೆ ತಾವು ಲೋಟ ಮುಟ್ಟುವುದೇ ಇಲ್ಲ ಅಂತ ಹಟ. ಹಾಗಾಗಿ ದಿನಾ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಸ್ಟೀಲ್ ಲೋಟ. ಒಂದರಲ್ಲಿ ತುಂಬ, ಇನ್ನೊಂದರ ತಳದಲ್ಲಿ ಒಂದು ಗುಟುಕು. ಇವರು ಮೂಗು ಹಿಡಿದು ಗುಟುಕು ಇಳಿಸಿ, ಮುಖ ಕಿವುಚಿ, ಲೋಟ ಬೋರಲು ಹಾಕಿ ತೋರಿಸುತ್ತಿದ್ದರು. "ಯಂದಾತು ಆಯಿ. ಈಗ ನಿಂದು." ನನ್ನದಾಯಿತು ಅಮ್ಮ, ಈಗ ನಿನ್ನದು ಅಂತ. ಅತ್ತೆ ಆಗ ನಗುತ್ತಾ ತಮ್ಮದನ್ನು ಎತ್ತುತ್ತಿದ್ದರು. ಎಂಟು ವರ್ಷ. ಜ್ವರ ಬಂದು ಮಲಗಿದ ದಿನವೂ ತಪ್ಪಿಸಿದವರಲ್ಲ.

ನನ್ನ ಗಂಡ ತಕ್ಕಡಿ ರಿಪೇರಿ ಮಾಡುವವರು. ಶಿರಸಿಯ ಒಂದು ಓಣಿಯಲ್ಲಿ ಒಂದೇ ಬಾಗಿಲ ಅಂಗಡಿ. ಅದಲ್ಲದೆ ಬೈಕಿನ ಹಿಂದೆ ಕಟ್ಟಿಕೊಂಡ ಮರದ ಪೆಟ್ಟಿಗೆ, ಅದರೊಳಗೆ ಮುದ್ರೆ ಬಿದ್ದ ಹಿತ್ತಾಳೆಯ ತೂಕದ ಬಟ್ಟುಗಳು, ಮೆತ್ತನೆ ಬಟ್ಟೆಯಲ್ಲಿ ಸುತ್ತಿಟ್ಟವು. ಸಿದ್ದಾಪುರದ ಕಿರಾಣಿ ಅಂಗಡಿ, ದಾಸನಕೊಪ್ಪದ ಗೊಬ್ಬರದಂಗಡಿ, ಕಿರವತ್ತಿಯ ಢಾಬಾದ ಪಕ್ಕದ ಮಾಂಸದಂಗಡಿ, ಎಲ್ಲ ಕಡೆಯೂ ಇವರದೇ ಓಡಾಟ. ತಕ್ಕಡಿ ಸರಿಮಾಡಿ, ತೂಕ-ಅಳತೆ ಇಲಾಖೆಯವರ ಮುದ್ರೆಗೆ ತಯಾರು ಮಾಡಿಕೊಡುವುದು. ಯಾರಾದರೂ ಅಂಗಡಿಯವರು "ಸ್ವಲ್ಪ ನಮ್ಮ ಕಡೆ ವಾಲೂ ಹಾಗೆ ಇಡಿ ಮಾರಾಯ್ರೆ" ಅಂತ ಕಣ್ಣು ಮಿಟುಕಿಸಿದರೆ, ಇವರು ಪೆಟ್ಟಿಗೆ ಮುಚ್ಚಿ, ಬಂದ ಚಹವನ್ನೂ ಕುಡಿಯದೆ ಎದ್ದುಬರುತ್ತಿದ್ದರು. ಆ ಕೋಪ ಮನೆಗೆ ಬಂದರೂ ಇಳಿದಿರುತ್ತಿರಲಿಲ್ಲ. ನಾನು ಎಷ್ಟೋ ಸಲ ಗೊಣಗಿದ್ದೇನೆ, "ಚಹಾ ಎಂತ ತಪ್ಪು ಮಾಡಿತ್ತು?" ಅಂತ.

ಇವರು ಆರೋಗ್ಯ ವಿಮೆ ಮಾಡಿಸಿದ್ದು ಎರಡು ವರ್ಷದ ಹಿಂದೆ. ಏಜೆಂಟ್ ಕಿರವತ್ತಿ ಕಡೆಯ ಹುಡುಗ ಅನ್ನಬೇಕೋ ಗಂಡಸು ಅನ್ನಬೇಕೋ, ಎರಡು ಮಕ್ಕಳ ತಂದೆ. ಇವರಿಗೆ ರಸ್ತೆಯಲ್ಲಿ ಪರಿಚಯವಾದವನು. ಒಂದು ಬೆಳಿಗ್ಗೆ ನಮ್ಮ ಅಡುಗೆಮನೆಯ ಮೇಜಿನ ಮೇಲೇ ಫಾರಂ ಹರವಿಕೊಂಡು ಕೂತ. ಬಿಪಿ ಐತೇನ್ರಿ, ಇಲ್ಲ. ಶುಗರ್, ಇಲ್ಲ. ಆಪರೇಷನ್ ಆಗೇತೇನ್ರಿ, ಇಲ್ಲ. ಯಾವುದಾದರೂ ಔಷಧ ಚಾಲೂ ಐತೇನ್ರಿ? ಆಗಷ್ಟೇ ಕುಡಿದು ಬೋರಲು ಹಾಕಿದ್ದ ಲೋಟವನ್ನು ಇವರು ಬೆರಳಿಂದ ತೋರಿಸಿದರು.

"ಅಮ್ಮನ ಕಷಾಯ ಒಂದು ಗುಟುಕು ದಿನಾ ಕುಡೀತೇನೆ. ಅದನ್ನೂ ಬರ್ಕೊಳ್ತೀರಾ?"

"ಏ, ಬಿಡ್ರಿ ಅಣ್ಣಾರ, ಕಷಾಯ ಯಾರ ಮನ್ಯಾಗ ಕುಡಿಯೂದಿಲ್ಲ?" ಎಂದು ಅವನು ನಕ್ಕ. ನಾನೂ ನಕ್ಕೆ. ಅತ್ತೆಯೂ ನಕ್ಕರು. ಆ ಖಾನೆಯಲ್ಲಿ ಅವನು ಇಲ್ಲ ಅಂತ ಗೀಟು ಎಳೆದ, ಇವರು ಕೆಳಗೆ ಸಹಿ ಹಾಕಿದರು.

ಎದೆನೋವು ಬಂದದ್ದು ದಾಸನಕೊಪ್ಪದಲ್ಲಿ, ಮಧ್ಯಾಹ್ನ. ಗೊಬ್ಬರದಂಗಡಿಯ ದೊಡ್ಡ ತಕ್ಕಡಿ ಎತ್ತಿ ಇಡುವಾಗ ಬೆವರು ಕಿತ್ತುಕೊಂಡು ಬಂತಂತೆ. ಅಂಗಡಿಯವರೇ ಕಾರಿನಲ್ಲಿ ಶಿರಸಿಗೆ ತಂದರು. ಶಿರಸಿಯಲ್ಲಿ ಸೂಜಿ ಹಾಕಿ, ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಅಂದರು. ಆ್ಯಂಬುಲೆನ್ಸಿನಲ್ಲಿ ನಾನು ಅವರ ಕೈ ಹಿಡಿದುಕೊಂಡು ಏನೇನೋ ಮಾತಾಡುತ್ತಲೇ ಹೋದೆ. ನಾನು ಮಾತು ನಿಲ್ಲಿಸಿದರೆ ಅವರು ಹೋಗಿಬಿಡುತ್ತಾರೆ ಅನ್ನುವ ಹೆದರಿಕೆ.

ನಮ್ಮ ಕಡೆಯ ಹೆಂಗಸರಿಗೆ ಒಂದು ರೂಢಿ ಇದೆ. ಡಾಕ್ಟರ ಮುಂದೆ ರೋಗಿಯ ಗುಣ ಹೇಳುವುದು. ಬೀಡಿ ಮುಟ್ಟಿದವರಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ, ಹೇಳಿದ ಮದ್ದು ತಪ್ಪಿಸುವುದಿಲ್ಲ, ಅಂತೆಲ್ಲ. ಇವರು ಒಳ್ಳೆಯವರು ಅಂತ ಗೊತ್ತಾದರೆ ಡಾಕ್ಟರು ಹೆಚ್ಚು ಕಾಳಜಿಯಿಂದ ನೋಡಿಯಾರು ಅನ್ನುವ ಆಸೆ. ನನ್ನ ಅಮ್ಮನೂ ಹಾಗೇ ಮಾಡುತ್ತಿದ್ದಳು. ಹುಬ್ಬಳ್ಳಿಯ ಆ ದೊಡ್ಡ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಬಂದರು. ಇವರು ಕಣ್ಣು ಮುಚ್ಚಿ ಮಲಗಿದ್ದರು, ಮೂಗಿಗೆ ಕೊಳವೆ.

"ಶುಗರ್‌ಗೆ ಏನಾದ್ರೂ ತಗೋತಾರೇನ್ರಿ?"

"ಅಯ್ಯೋ, ತಗೊಳ್ಳದೇ ಏನು ಡಾಕ್ಟ್ರೇ? ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಸಕ್ಕರೆ ಕಾಯಿಲೆ ಕಷಾಯ. ಒಂದು ದಿನ ತಪ್ಪಿಸಿದವರಲ್ಲ. ಅಷ್ಟು ಕಟ್ಟುನಿಟ್ಟು ಇವರು."

ಅವರು ಬರೆದುಕೊಂಡರು. ಅದೂ ಇವರ ಅಮ್ಮನ ಸಲುವಾಗಿ ಅಂತ ನಾನು ಮುಂದೆ ಹೇಳುವವಳಿದ್ದೆ. ಕಥೆಯನ್ನು ಮೊದಲಿಂದ ಶುರುಮಾಡಿಯೂ ಇದ್ದೆ. ಅಷ್ಟರಲ್ಲಿ ಪಕ್ಕದ ಮಂಚದಿಂದ ಕೂಗಿದರು, ಡಾಕ್ಟರು ಹೋದರು. ನಾನು ಉಳಿದದ್ದನ್ನು ನರ್ಸಿಗೆ ಹೇಳಿದೆ. ಅವಳು ಹೂಂ ಅಕ್ಕ, ಹೂಂ ಅಕ್ಕ ಅಂದಳು.

ಹೃದಯದ ರಕ್ತನಾಳ ಮೂರು ಕಡೆ ಕಟ್ಟಿದೆ, ಬೈಪಾಸ್ ಆಗಬೇಕು ಅಂದರು ದೊಡ್ಡ ಡಾಕ್ಟರು. ಈಗ ಮಾತ್ರೆ ಕೊಟ್ಟು ಕಳಿಸುತ್ತೇವೆ, ವಿಮೆಯವರಿಗೆ ಬರೆಯುತ್ತೇವೆ, ಒಪ್ಪಿಗೆ ಬಂದ ಕೂಡಲೇ ಬನ್ನಿ, ಆದರೆ ತಿಂಗಳಿಗಿಂತ ಹೆಚ್ಚು ತಳ್ಳಬೇಡಿ. ಸಕ್ಕರೆ ಅಂಶ ಸ್ವಲ್ಪ ಏರಿದೆ, ಎದೆನೋವಿನ ಹೊತ್ತಿನಲ್ಲಿ ಹಾಗಾಗುವುದುಂಟು ಅಂತಲೂ ಅಂದರು. ನಾನು ತಿಂಗಳು ಅನ್ನುವ ಮಾತೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದೆ.

ಆರನೇ ದಿನ ವಿಮೆ ಕಂಪನಿಯ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಏಜೆಂಟ್ ತಾನೇ ಓಡಿಬಂದು ಜಗಲಿಯಲ್ಲಿ ಕೂತು ಓದಿ ಹೇಳಿದ. ಓದುತ್ತಾ ಓದುತ್ತಾ ಅವನ ದನಿ ಸಣ್ಣದಾಯಿತು. ಆಸ್ಪತ್ರೆಯ ದಾಖಲೆಯಲ್ಲಿ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಅಂತ ಬರೆದಿದೆ. ಇದು ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ. ಪಾಲಿಸಿದಾರರು ಇದನ್ನು ಫಾರಮಿನಲ್ಲಿ ಮುಚ್ಚಿಟ್ಟಿದ್ದಾರೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಇಲ್ಲ, ಪಾಲಿಸಿಯೂ ರದ್ದು.

"ಮೊದಲೇ ಇದ್ದ ಕಾಯಿಲೆ ಅಂದ್ರೆ ಎಂತದು? ಇವರಿಗೆ ಯಾವ ಕಾಯಿಲೆ ಇತ್ತು?" ನಾನು ಅವನ ಮೇಲೇ ಹಾರಿದೆ.

"ಅವರ ಲೆಕ್ಕ ಹಿಂಗೈತ್ರಿ ಅಕ್ಕಾರ. ಪಾಲಿಸಿ ತಗೊಳೂಕಿಂತ ಮೊದಲಿನ ಮೂರು ವರ್ಷದಾಗ ಡಾಕ್ಟರು ಐತಿ ಅಂತ ಹೇಳಿದ್ದು, ಇಲ್ಲಾ ಅದಕ್ಕಂತ ಔಷಧ ತಗೊಂಡಿದ್ದು. ಎರಡರಾಗ ಒಂದು ಇದ್ರೂ ಸಾಕು. ಖರೇ ಹೇಳಿದ್ರ ಕೆಲವು ವರ್ಷ ಕಾದು ಆಮ್ಯಾಲ ಅದಕ್ಕೂ ಕೊಡ್ತಾರ. ಹೇಳಲಿಲ್ಲ ಅಂದ್ರ ಮುಗೀತು."

"ಕಾಯಿಲೆ ಇಲ್ಲದೇ ಔಷಧ ಕುಡಿದವರಿಗೆ?"

"ಅದಕ್ಕ ಅವರ ಹತ್ರ ಖಾನೆ ಇಲ್ರಿ."

ಖಾನೆ ಇಲ್ಲವಂತೆ! ಬೇರೆ ಹೊತ್ತಿನಲ್ಲಾಗಿದ್ದರೆ ನಾನು ಅವನ ಕಾಗದಪತ್ರವನ್ನೆಲ್ಲ ಅಂಗಳಕ್ಕೆ ಎಸೆಯುತ್ತಿದ್ದೆ. ಇವರು ಕಾಗದವನ್ನು ತಾವು ಇಸಕೊಂಡು, ಇಂಗ್ಲಿಷಿನ ಆ ಒಂದು ಶಬ್ದದ ಮೇಲೆ ಬೆರಳಿಟ್ಟು, "ಮುಚ್ಚಿಟ್ಟಿದ್ದಾರೆ ಅಂತ ಇದಕ್ಕೇ ಅಂದದ್ದಾ?" ಅಂತ ಕೇಳಿದರು. ಏಜೆಂಟ್ ತಲೆ ತಗ್ಗಿಸಿದ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ಸೈರಿಸದ ಮನುಷ್ಯ. ನೋವು ಬಂದ ದಿನ ಕೂಡ ಅವರ ಮುಖ ಅಷ್ಟು ಬಿಳುಚಿಕೊಂಡಿರಲಿಲ್ಲ.

ಹೊರಡುವಾಗ ಏಜೆಂಟ್ ನನ್ನನ್ನು ಗೇಟಿನ ಹತ್ತಿರ ಕರೆದ. "ಒಂದ ದಾರಿ ಐತ್ರಿ. ಆಸ್ಪತ್ರ್ಯಾಗ ಅದನ್ನ ಯಾರು ಹೇಳಿದ್ರೋ ಅವರು ಹೋಗಿ, ನಾ ತಪ್ಪು ಹೇಳಿದ್ನಿ, ಕಷಾಯ ಅವರವ್ವಗಂತ ಮಾಡಿದ್ದು, ಅಂತ ಬರದುಕೊಡ್ಬೇಕು. ಡಾಕ್ಟರು ದಾಖಲೆ ತಿದ್ದಿ ಸಹಿ ಮಾಡಿದ್ರ ನಾ ಅದನ್ನ ಕಂಪನಿಗೆ ಕಳಸ್ತೇನಿ. ಲಗೂನ ಮಾಡ್ರಿ. ಯಾರು ಹೇಳಿದ್ರು, ಗೊತ್ತೈತೇನ್ರಿ?"

"ನೋಡ್ತೇನೆ" ಅಂದೆ. ಗೊತ್ತಿಲ್ಲ ಅಂತಲೂ ಅನ್ನಲಿಲ್ಲ, ನಾನೇ ಅಂತಲೂ ಅನ್ನಲಿಲ್ಲ.

ಆ ಸಂಜೆ ಇವರು ತಮ್ಮ ಮೇಲೇ ಸಂಶಯಪಟ್ಟವರಂತೆ ಕೇಳಿದರು. "ಹೌದನೇ, ನೋವಿನ ಗಾಬರಿಲಿ ಆನೇ ಎಂತಾರು ಬಡಬಡಿಸಿದ್ನಾ ಅಲ್ಲಿ?"

"ಯಂಗೆ ಗೊತ್ತಿಲ್ಲೆ" ಎಂದುಬಿಟ್ಟೆ. ಜೀವಮಾನವಿಡೀ ಬಾಯಿ ಮುಚ್ಚದವಳು ಆವತ್ತು ಮುಚ್ಚಿದೆ. ಡಾಕ್ಟರು ಮನಸ್ಸಿಗೆ ಏನೂ ಹಚ್ಚಬೇಡಿ ಅಂದಿದ್ದಾರಲ್ಲ, ಹೆಂಡತಿಯೇ ಹೀಗೆ ಮಾಡಿದಳು ಅಂತ ಗೊತ್ತಾದರೆ ಎದೆಗೆ ಆಗಿಬಂದೀತೇ, ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ಅವರೆದುರು ಸಣ್ಣವಳಾಗುವುದಕ್ಕೆ ಹೆದರಿದೆ, ಅಷ್ಟೇ.

ಮರುದಿನ ಬೆಳಿಗ್ಗೆ ಕಷಾಯದ ಲೋಟ ಕಂಡದ್ದೇ ನನಗೆ ಮೈಯೆಲ್ಲ ಉರಿಯಿತು. "ಇನ್ನು ಇದನ್ನ ಮುಟ್ಟಡಿ" ಅಂತ ಅವರ ಕೈಯಿಂದ ಕಸಿಯಲು ಹೋದೆ.

ಅವರು ಬಿಡಲಿಲ್ಲ. "ಈಗ ಬಿಟ್ರೆ ಅವ್ರು ಹೇಳಿದ್ದೇ ಖರೆ ಆಗ್ತು" ಅಂದವರೇ ಗುಟುಕರಿಸಿ ಲೋಟ ಬೋರಲು ಹಾಕಿದರು. "ಯಂದಾತು ಆಯಿ. ಈಗ ನಿಂದು." ಅತ್ತೆಗೆ ಈ ರಾಮಾಯಣ ಎಷ್ಟು ಅರ್ಥವಾಗಿತ್ತೋ ನನಗಾಗ ಗೊತ್ತಿರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಾ ಕುಡಿದರು.

ಹುಬ್ಬಳ್ಳಿಗೆ ಹೋಗಿ ಆ ಚಿಕ್ಕ ಡಾಕ್ಟರನ್ನು ಹುಡುಕಿ, ಹೇಳಿದವಳು ನಾನೇ ಅಂತ ಬರೆದುಕೊಟ್ಟು ಬರಬೇಕು. ಇದಕ್ಕೆ ಒಂದು ದಿನ ಸಾಕಿತ್ತು. ಆದರೆ ಬರೆದುಕೊಟ್ಟರೆ ಆ ಕಾಗದದಲ್ಲಿ ನನ್ನ ಹೆಸರು ಬರುತ್ತದೆ, ಇವರು ಓದುತ್ತಾರೆ. ಅದಕ್ಕೆ ನಾನು ಬೇರೆ ದಾರಿ ಹುಡುಕಿದೆ. ಬೇರು ಕೊಟ್ಟ ವೈದ್ಯರಿಂದಲೇ, ಮದ್ದು ಅತ್ತೆಗೆ ಕೊಟ್ಟದ್ದು ಅಂತ ಬರೆಸಿಕೊಂಡು ಬಂದರಾಯಿತಲ್ಲ! ಇದು ಎಷ್ಟು ಜಾಣತನದ್ದು ಅಂತ ಆಗ ನನಗೆ ಅನಿಸಿತು ಅಂದರೆ, ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮೊದಲ ಸಲ ಹೋದಾಗ ವೈದ್ಯರು ಇರಲಿಲ್ಲ, ಬೇರು ಕೀಳಲು ಕಾಡಿಗೆ ಹೋಗಿದ್ದರು. ಯಾವಾಗ ಬರುತ್ತಾರೆ ಅಂದರೆ ಮನೆಯವರಿಗೂ ಗೊತ್ತಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ಯಲ್ಲಾಪುರದಲ್ಲಿ ಬಸ್ಸು ಇಳಿದು, ಮಾಗೋಡಿನ ಕಡೆಗೆ ಇನ್ನೊಂದು ಬಸ್ಸು ಹಿಡಿದು, ಅಲ್ಲಿಂದ ನಡಿಗೆ. ಜಲಪಾತ ನೋಡಲು ಹೊರಟ ಕಾರಿನವರು ನಿಲ್ಲಿಸಿ ನನ್ನನ್ನೇ ದಾರಿ ಕೇಳಿದರು. ಅಳು ಬರುವುದೊಂದು ಬಾಕಿ. ಈ ಸಲವೂ ಅವರು ಇರಲಿಲ್ಲ, ಮಗಳ ಮನೆಗೆ ಹೋಗಿದ್ದರು. ಮೂರನೇ ಸಲ ಸಿಕ್ಕರು. ಮುದುಕರು, ತೆಳ್ಳಗಿನ ಮನುಷ್ಯ. ಅಂಗಳದಲ್ಲಿ ಬೇರು ಒಣಹಾಕುತ್ತಿದ್ದರು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ನಾನು ಆಸ್ಪತ್ರೆಯಲ್ಲಿ ಹೇಳಿದ್ದೊಂದನ್ನು ಬಿಟ್ಟು.

"ಬರದು ಕೊಡೂದಿಲ್ಲ ತಂಗೀ" ಅಂದರು. "ನಮ್ಮ ಅಪ್ಪನೂ ಬರದವನಲ್ಲ, ಅಜ್ಜನೂ ಬರದವನಲ್ಲ. ಬರದ್ರೆ ಬೇರು ಹಿಡಿಯೂದಿಲ್ಲ."

"ಒಂದು ಜೀವದ ಪ್ರಶ್ನೆ ಅಜ್ಜ."

ಅವರು ಕೈ ಒರೆಸಿಕೊಂಡು ನನ್ನ ಎದುರು ಕೂತರು. "ಮದ್ದು ನಿಮ್ಮ ಅತ್ತೆಗೆ ಕೊಟ್ಟದ್ದು ಖರೆ. ಅದನ್ನ ಯಾರು ಬಂದು ಕೇಳಿದ್ರೂ ಬಾಯಲ್ಲಿ ಹೇಳ್ತೆ. ಆದ್ರೆ ಮಗನಿಗೆ ಸಕ್ಕರೆ ಇರಲಿಲ್ಲ ಅಂತ ನಾ ಹೆಂಗೆ ಹೇಳ್ಲಿ? ಅವ್ರ ಕೈ ಹಿಡಿದು ನೋಡಿದವನೇ ಅಲ್ಲ ನಾನು. ಅಲ್ಲ ತಂಗೀ, ಆಸ್ಪತ್ರೆಲಿ ಹೇಳಿದವರು ಯಾರು? ಅವರನ್ನೇ ಕರಕಂಡು ಹೋದ್ರಾತಲ್ಲ?"

ಮರುದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಲೆಕ್ಕ ಹಾಕಿದೆ. ಕಾಗದ ಬಂದು ಹನ್ನೆರಡು ದಿನ ಕಳೆದಿತ್ತು. ಹನ್ನೆರಡು ದಿನ!

ಯಲ್ಲಾಪುರದಲ್ಲಿ ನನ್ನ ಅಣ್ಣ ಇದ್ದಾನೆ, ಶಾಲೆ ಮಾಸ್ತರು. ಅವನ ಮನೆಗೆ ಹೋಗಿ ಕೂತು, ಮೊದಲ ಬಾರಿಗೆ ಬಾಯಿಬಿಟ್ಟೆ. ಅಣ್ಣ ಬೈಯಲಿಲ್ಲ. "ನಾಳೆಯೇ ಹುಬ್ಬಳ್ಳಿಗೆ ಹೋಪ. ಕಂಪನಿಯವ್ರು ಎಂತ ಹೇಳಿದ್ರೂ ಸರಿ, ಖರ್ಚು ಆನು ನೋಡ್ಕತ್ತೆ, ಮೊದಲು ಆಪರೇಷನ್ ಆಗಲಿ" ಅಂದ. ಹಿಂದೆಯೇ ಅವನು ಇದನ್ನು ಇವರ ಹತ್ತಿರವೂ ಹೇಳಿದ್ದ. ಇವರು ಒಪ್ಪಿರಲಿಲ್ಲ. "ಆನು ಮುಚ್ಚಿಟ್ಟಿದ್ನಿಲ್ಲೆ ಹೇಳಿ ಅವ್ರ ಬಾಯಲ್ಲೇ ಬರಲಿ. ಆಮೇಲೆ ಎದೆ ಕೊಯ್ಯಲಿ" ಅಂದಿದ್ದರು. ಅದೆಂಥ ಹಟವಪ್ಪಾ! ಎದೆಯ ನಾಳ ಕಟ್ಟಿ ಕೂತಿರುವಾಗ ಹೆಸರಿನ ಚಿಂತೆ.

ಮರುದಿನ ಅಣ್ಣನೊಂದಿಗೆ ಹುಬ್ಬಳ್ಳಿಗೆ ಹೋದೆ. ಇವರಿಗೆ ಮಾತ್ರೆ ತರಲು ಅಂತ ಸುಳ್ಳು ಹೇಳಿದ್ದೆ. ಆ ಚಿಕ್ಕ ಡಾಕ್ಟರು ಸಿಕ್ಕರು. ಒಳ್ಳೆಯ ಹುಡುಗ. ನನ್ನ ಮಾತು ಪೂರ್ತಿ ಕೇಳಿದ. "ಅವತ್ತು ನಾನೂ ಇನ್ನೊಂದು ಸಲ ಕೇಳಬೇಕಿತ್ತು ಅಮ್ಮ" ಅಂದ. ನಾನು ಬರೆದುಕೊಟ್ಟೆ. ಅವನು ದೊಡ್ಡ ಡಾಕ್ಟರ ಸಹಿ ಹಾಕಿಸಿ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಒಂದು ರಕ್ತಪರೀಕ್ಷೆಯ ಫಲಿತಾಂಶವನ್ನೂ ಲಗತ್ತಿಸಿದ. ಆಸ್ಪತ್ರೆಗೆ ಸೇರಿದ ದಿನವೇ ಮಾಡಿದ್ದಂತೆ, ಯಾರೂ ತಿರುಗಿ ನೋಡಿರಲಿಲ್ಲ. ಅದರ ಪ್ರಕಾರ ಇವರಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಅರ್ಧ ಗಂಟೆಯ ಕೆಲಸಕ್ಕೆ ನಾನು ಹನ್ನೆರಡು ದಿನ ಮಾಗೋಡಿನ ದಾರಿ ತುಳಿದಿದ್ದೆ.

ಏಜೆಂಟ್ ಅಂದೇ ಎಲ್ಲವನ್ನೂ ಕಳಿಸಿದ. ಪರಿಶೀಲನೆಯಲ್ಲಿದೆ ಅಂತ ಉತ್ತರ ಬಂತು. ಮಾರನೇ ದಿನವೂ ಪರಿಶೀಲನೆಯಲ್ಲಿದೆ. ವಾರ ಕಳೆದರೂ ಅದೇ. ಇವರಿಗೆ ನಾನು, ಆಸ್ಪತ್ರೆಯವರು ತಪ್ಪು ತಿದ್ದಿದ್ದಾರಂತೆ ಅಂತಷ್ಟೇ ಹೇಳಿದ್ದೆ. "ಹೌದಾ? ಯಾರು ಹೇಳಿದ್ದಡ ತಪ್ಪಾಗಿ?" ಅಂತ ಮತ್ತೆ ಕೇಳಿದರು. ನಾನು ಒಲೆಯ ಕಡೆ ತಿರುಗಿದೆ. "ಆನೇ ಹೇಳಿಕ್ಕು ಬಿಡು" ಅಂತ, ತಾವೇ ಹೇಳಿರಬೇಕು ಅನ್ನುವ ಹಾಗೆ, ಅವರೇ ಮಾತು ಮುಗಿಸಿದರು. ಇನ್ನೊಂದು ದಿನ ಊಟಕ್ಕೆ ಕೂತಾಗ ಮೂರನೇ ಸಲ ಕೇಳಿದರು. ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ಕೊನೆಗೆ ಅತ್ತೆಯೇ ಒಂದು ದಿನ ಮಗನ ಕೈ ಹಿಡಿದು, "ಯನ್ನ ಸಲುವಾಗಿ ಆಪರೇಷನ್ ಮಾಡ್ಸ್ಕ್ಯ ತಮಾ" ಅಂದರು. ಆಗ ಒಪ್ಪಿದರು. ಕಂಪನಿಯ ಉತ್ತರ ಬರಲಿ ಬಿಡಲಿ, ಬರುವ ಸೋಮವಾರ ಹುಬ್ಬಳ್ಳಿಗೆ ಹೋಗಿ ಸೇರುವುದು ಅಂತಾಯಿತು. ಅಣ್ಣ ಏರ್ಪಾಡು ಮಾಡಿದ. ನಾನು ಚೀಲಕ್ಕೆ ಪಂಚೆ, ಟವೆಲ್ಲು ತುಂಬಿಟ್ಟೆ.

ಶುಕ್ರವಾರ ಇವರಿಗೆ ಸಿದ್ದಾಪುರದ ಕಿರಾಣಿ ಅಂಗಡಿಯವರ ತಕ್ಕಡಿ ನೆನಪಾಯಿತು. ರಿಪೇರಿಯಾಗಿ ಅಂಗಡಿಯಲ್ಲಿ ಕೂತಿತ್ತು. ಕೊಟ್ಟುಬರುತ್ತೇನೆ ಅಂದರು. ನಾನು ಕಾಲಿಗೆ ಬೀಳುವುದೊಂದು ಬಾಕಿ. "ಸಣ್ಣದು, ಕೈಚೀಲದಲ್ಲಿ ಹಿಡಿತು. ಬಸ್ಸಲ್ಲಿ ಹೋಗಿ ಬಸ್ಸಲ್ಲಿ ಬತ್ತೆ. ಅವಂಗೆ ವ್ಯಾಪಾರ ನಿಂತೋಜು ಮಾರಾಯ್ತಿ" ಅಂದರು. ಬೆಳಿಗ್ಗೆ ಕಷಾಯದ ಗುಟುಕು ಕುಡಿದು, ಲೋಟ ಬೋರಲು ಹಾಕಿ, ಚಪ್ಪಲಿ ಮೆಟ್ಟಿ ಹೋದರು. ತಕ್ಕಡಿ ಕೊಟ್ಟು, ಬಟ್ಟು ಇಟ್ಟು ತೂಗಿ ತೋರಿಸಿ, ಚಹಾ ಕುಡಿದರಂತೆ. ವಾಪಸ್ಸು ಬರಲು ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತರು. ಶಿರಸಿ ಬಸ್ಸು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು, ಬಸ್ಸು ಬಂತು ನೋಡಿ ಅಂತ ಭುಜ ಮುಟ್ಟಿದಳಂತೆ. ಅವರು ಏಳಲಿಲ್ಲ.

ಕಂಪನಿಯಿಂದ ಕಾಗದ ಬಂದದ್ದು ತಿಂಗಳ ನಂತರ. ಪಾಲಿಸಿದಾರರು ಮರಣ ಹೊಂದಿದ್ದರಿಂದ, ಕೋರಿದ ಚಿಕಿತ್ಸೆ ನಡೆಯದ ಕಾರಣ, ಮರುಪರಿಶೀಲನೆಯ ಕಡತವನ್ನು ಮುಕ್ತಾಯಗೊಳಿಸಲಾಗಿದೆ ಅಂತ. ಕಾಯಿಲೆ ಇರಲಿಲ್ಲ ಅಂತಲೂ ಬರೆಯಲಿಲ್ಲ, ಮುಚ್ಚಿಟ್ಟಿರಲಿಲ್ಲ ಅಂತಲೂ ಬರೆಯಲಿಲ್ಲ. ಇವರು ಬಯಸಿದ್ದು ಒಂದೇ ಒಂದು ಮಾತು. ಅದಕ್ಕೂ ಖಾನೆ ಇರಲಿಲ್ಲ ಅಂತ ಕಾಣುತ್ತದೆ. ಹಾಳಾದವರು!

ಅತ್ತೆ ಕಷಾಯ ಬಿಟ್ಟರು. ಮಾತ್ರೆಯನ್ನೂ ಬಾಯಲ್ಲಿಟ್ಟು ಹಿತ್ತಲಿಗೆ ಉಗುಳುತ್ತಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಸಕ್ಕರೆ ಏರಿ, ಕಾಲಿಗಾದ ಸಣ್ಣ ಗಾಯವೂ ಮಾಯದೆ ನಿಂತಿತು. ಒಂದು ಬೆಳಿಗ್ಗೆ ನಾನು ಎರಡು ಲೋಟ ಇಟ್ಟೆ. ಒಂದರಲ್ಲಿ ಒಂದು ಗುಟುಕು. ಕುಡಿದೆ. ಥೂ, ಎಂಥ ಕಹಿ! ಎಂಟು ವರ್ಷ ಅದನ್ನು ಕಾಯಿಸಿಯೂ ನಾನು ನಾಲಿಗೆಗೆ ತಾಗಿಸಿರಲಿಲ್ಲ. ಲೋಟ ಬೋರಲು ಹಾಕಿದೆ. ಅತ್ತೆ ನೋಡಿದರು, ಅತ್ತರು, ತಮ್ಮದನ್ನು ಎತ್ತಿ ಕುಡಿದರು. ಅಂದಿನಿಂದ ನಾನು ತಪ್ಪಿಸಿಲ್ಲ.

ಮೊನ್ನೆ ಬೆಳಿಗ್ಗೆ ಏಜೆಂಟ್ ಬಂದ. ಅವನಿಗೂ ಮನಸ್ಸಿನಲ್ಲಿ ಕೊರೆಯುತ್ತಿತ್ತು. "ಅಕ್ಕಾರ, ನಿಮ್ಮ ಹೆಸರ್ಲೆ ಒಂದು ಪಾಲಿಸಿ ಮಾಡಸ್ರಿ. ಬ್ಯಾರೆ ಕಂಪನಿ. ಈ ಸಲ ಎಲ್ಲಾ ಬರಿತೇನ್ರಿ, ಒಂದೂ ಬಿಡೂದಿಲ್ಲ" ಅಂ‌ದ. ಅದೇ ಮೇಜು. ಔಷಧ ಚಾಲೂ ಐತೇನ್ರಿ? ಇದೆ, ಬರಿ, ಅಂದೆ, ದಿನಾ ಬೆಳಿಗ್ಗೆ ಒಂದು ಗುಟುಕು ಸಕ್ಕರೆ ಕಾಯಿಲೆಯ ಕಷಾಯ, ನನಗೆ ಕಾಯಿಲೆ ಇಲ್ಲ, ಅತ್ತೆಗಾಗಿ. ಅವನು ಪೆನ್ನು ಒತ್ತಿ ಒತ್ತಿ ಅಷ್ಟನ್ನೂ ಬರೆದ. ಅಂಚಿನಲ್ಲಿ ಜಾಗ ಸಾಲದೆ ಅಡ್ಡವಾಗಿ ಬರೆದ. ಆಮೇಲೆ ಕೆಳಗೆ ಬೆರಳಿಟ್ಟು, ಇಲ್ಲಿ ಸಹಿ ಮಾಡ್ರಿ ಅಂದ.

"ಇಲ್ಲಿ ಎಂತ ಬರೆದಿದೆ?" ಅಂತ ಕೇಳಿದೆ.

"ಮ್ಯಾಲ ಹೇಳಿದ್ದೆಲ್ಲಾ ಖರೆ, ನಾ ಯಾವ ಸಂಗತಿನೂ ಮುಚ್ಚಿಟ್ಟಿಲ್ಲ, ಅಂತ್ರಿ. ಎಲ್ಲಾರೂ ಮಾಡೂದ."

ಪೆನ್ನು ಕೈಯಲ್ಲಿತ್ತು. ಸಹಿ ಮಾಡದೆ ಮೇಜಿನ ಮೇಲಿಟ್ಟೆ. ನಾಳೆ ಬಾ ತಮ್ಮಾ ಅಂತ ಅವನನ್ನು ಗೇಟಿನ ತನಕ ಕಳಿಸಿದೆ. ಅಡುಗೆಮನೆಗೆ ಮರಳಿ ಬಂದರೆ ಅತ್ತೆ ಎರಡೂ ಲೋಟಕ್ಕೆ ತಾವೇ ಬಗ್ಗಿಸಿಟ್ಟು ಕಾಯುತ್ತಾ ಕೂತಿದ್ದರು. ನಾನು ಲೋಟ ಎತ್ತಲಿಲ್ಲ. ಅವರ ಕಾಲ ಬುಡದಲ್ಲಿ ನೆಲದ ಮೇಲೆ ಕೂತುಬಿಟ್ಟೆ.

"ಅತ್ತೇ, ಆಸ್ಪತ್ರೆಲಿ ಡಾಕ್ಟ್ರ ಹತ್ರ ಹಾಂಗೆ ಹೇಳಿದ್ದು ಆನು. ಅವ್ರಲ್ಲ. ಅವ್ರು ಕೇಳಿದ್ರೂ ಆನು ಹೇಳಿದ್ನಿಲ್ಲೆ."

ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟರು. "ಯಂಗೆ ಗೊತ್ತಿದ್ದು ತಂಗಿ."

"ಯಾರು ಹೇಳಿದ್ದು?"

"ಅಂವನೇ. ಆ ಕಾಗದ ಬಂದ ದಿನವೇ. 'ಆಯಿ, ನಿನ್ನ ಸೊಸೆ ಯನ್ನ ಹೊಗಳಲೆ ಹೋಗಿ ಹಾಂಗೆ ಹೇಳಿಬಿಡ್ತು. ಆನು ಮಲಗಿದಲ್ಲೇ ಕೇಳಿದ್ದೆ. ನೀನು ಅದ್ರ ಹತ್ರ ಎಂತೂ ಹೇಳಡ, ಸುಮ್ನೆ ಬೇಜಾರು ಮಾಡ್ಕತ್ತು' ಹೇಳಿ."

ಮೂರು ಸಲ ಕೇಳಿದ್ದರು ನನ್ನನ್ನು. ಮೂರು ಸಲವೂ ಗೊತ್ತಿದ್ದೇ ಕೇಳಿದ್ದರು. ನಾನು ಬಾಯಿಬಿಟ್ಟು ಹಗುರಾಗಲಿ ಅಂತ ಕೇಳಿದರೋ, ಆನೇ ಹೇಳಿಕ್ಕು ಬಿಡು ಅಂತ ನನ್ನ ತಪ್ಪನ್ನು ತಾವು ಹೊತ್ತುಕೊಳ್ಳಲು ಕೇಳಿದರೋ, ಇನ್ನು ಯಾರ ಹತ್ತಿರ ವಿಚಾರಿಸಲಿ. ನಾನು ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿ ಗಟ್ಟಿಯಾಗಿ ಅತ್ತುಬಿಟ್ಟೆ, ಇವರು ಹೋದ ದಿನವೂ ಹಾಗೆ ಅತ್ತವಳಲ್ಲ. ಅತ್ತೆ ಗುಟುಕು ಬಗ್ಗಿಸಿದ್ದ ಲೋಟವನ್ನು ನನ್ನ ಕಡೆಗೆ ಚಾಚಿದರು.

"ತಣ್ಣಗಾಗ್ತು, ಕುಡಿ."

ಕುಡಿದೆ. ಲೋಟ ಬೋರಲು ಹಾಕಿದೆ. "ಯಂದಾತು ಅತ್ತೇ" ಅಂದೆ. ಉಳಿದ ಎರಡು ಶಬ್ದ ಬರಲಿಲ್ಲ. ಅವರು ತಮ್ಮದನ್ನು ಎತ್ತಿಕೊಂಡರು.